ಬೆಣ್ಣೆಗೆರೆಯ ಹೆಂಗಸು

೧೫ ಜನವರಿ ೨೦೧೭, ಭಾನುವಾರ

ರೋಸಿಲಿ ಇವತ್ತು ನನಗೆ ಈ ಡೈರಿ ಕೊಟ್ಟಳು. ಯಾವುದೋ ಔಷಧ ಕಂಪನಿಯವರು ಪುಕ್ಕಟೆ ಹಂಚಿದ್ದು. ಪ್ರತಿ ಪುಟದ ಅಡಿಯಲ್ಲಿ ಮಲಬದ್ಧತೆಯ ಗುಳಿಗೆಯ ಪರವಾಗಿ ಒಂದು ಸುಭಾಷಿತವಿದೆ. ಇಂದಿನದು: 'ಒಳಗಿರುವುದನ್ನು ಹೊರಗೆ ಬಿಡಿ, ಹಗುರಾಗಿ.' ದಿನಚರಿ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಉಪದೇಶವನ್ನು ನಮ್ಮ ಪಾದ್ರಿಗಳೂ ಕೊಟ್ಟಿಲ್ಲ.

"ಅರವತ್ತು ತುಂಬ್ತಾ ಬಂತು ಪೌಲೋಸೇಟ್ಟಾ, ನಿಮ್ಮ ಹಳೇ ಕಥೆಗಳನ್ನೆಲ್ಲ ಇದರಲ್ಲಿ ಬರೀರಿ. ನನ್ನ ಕಿವಿಗೂ ಸ್ವಲ್ಪ ರಜ ಬೇಕು" ಎಂದಳು ನನ್ನ ಧರ್ಮಪತ್ನಿ.

ಮೊದಲ ಪುಟದಲ್ಲಿ ಕೇಳಿದ ವಿವರ ತುಂಬಿಸಿದ್ದೇನೆ. ಹೆಸರು: ಡಾ. ಪೌಲೋಸ್ ಇಟ್ಟೂಪ್. ಊರು: ತ್ರಿಶೂರು. ರಕ್ತದ ಗುಂಪು: ಗೊತ್ತಿಲ್ಲ (ಡಾಕ್ಟರುಗಳಿಗೆ ಇದು ಗೊತ್ತಿರಬಾರದು ಎಂದು ಸಂಪ್ರದಾಯ). ಉದ್ಯೋಗ: ಸ್ಕ್ಯಾನಿಂಗ್ ಸೆಂಟರಿನ ಕತ್ತಲ ಕೋಣೆಯಲ್ಲಿ ಕುಳಿತು ಜನರ ಮಿದುಳಿನ ಚಿತ್ರ ನೋಡಿ, ಒಳಗೇನಿದೆ ಎಂದು ಬರೆದುಕೊಡುವುದು. ಮೂವತ್ತೊಂದು ವರ್ಷದಿಂದ.

ಇಷ್ಟು ದೊಡ್ಡ ಮನುಷ್ಯ ಡೈರಿ ಬರೆಯಲು ಕಾರಣವೂ ದೊಡ್ಡದೇ. ಬರುವ ತಿಂಗಳ ಹನ್ನೆರಡಕ್ಕೆ ನಮ್ಮ ತಲೆಕೂಟಕ್ಕೆ ಇಪ್ಪತ್ತೈದು ವರ್ಷ. ತಲೆಕೂಟ ಎಂದರೆ ಸುತ್ತಲಿನ ಊರುಗಳಲ್ಲಿ ಮಿದುಳಿನ ಚಿತ್ರ ಓದುವ ನಾವು ಹನ್ನೆರಡು ಹದಿಮೂರು ಜನ. ಪ್ರತಿ ತಿಂಗಳ ಎರಡನೆಯ ಭಾನುವಾರ ಒಂದು ಹೋಟೆಲಿನ ಮಹಡಿಯಲ್ಲಿ ಸೇರುತ್ತೇವೆ. ಪ್ರತಿಯೊಬ್ಬರೂ ತಮಗೆ ಸಿಕ್ಕ ಒಂದು ವಿಚಿತ್ರ ಕೇಸು ತಂದು, ಉತ್ತರ ಮುಚ್ಚಿಟ್ಟು, ಉಳಿದವರ ಮುಂದೆ ಗೋಡೆಯ ಮೇಲೆ ಹಾಕುತ್ತಾರೆ. ಉಳಿದವರು ಹೇಳಬೇಕು. ನಿಯಮ ಎರಡೇ. ಒಂದು, ರೋಗಿಯ ಹೆಸರು, ನಂಬರು, ತಾರೀಖು ಎಲ್ಲವನ್ನೂ ಅಳಿಸಿ ತರಬೇಕು. ಎರಡು, ತಪ್ಪು ಹೇಳಿದವನು ಕೆಳಗೆ ಹೋಗಿ ಎಲ್ಲರಿಗೂ ಚಹಾ ಮತ್ತು ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿಯ ತಟ್ಟೆ ಹೊತ್ತು ತರಬೇಕು. ಹೋಟೆಲಿನವರಿಗೆ ನಾವು ಯಾರೆಂದು ಸರಿಯಾಗಿ ಗೊತ್ತಿಲ್ಲ. ಕ್ಯಾಷಿಯರು ಒಮ್ಮೆ ನನ್ನನ್ನು "ನೀವು ಯಾವ ಹೋಟೆಲಿನ ಮಾಣಿಗಳ ಸಂಘ?" ಎಂದು ಕೇಳಿದ್ದ.

ಈ ಸಲ ನನಗೆ ಶಾಲು. ಬದಲಿಗೆ ನಾನು ನನ್ನ ಭಂಡಾರದಿಂದ ಇಪ್ಪತ್ತೈದು ರತ್ನಗಳನ್ನು ಆರಿಸಿ ತೋರಿಸಬೇಕು.

೧೮ ಜನವರಿ, ಬುಧವಾರ

ರತ್ನಪರೀಕ್ಷೆ ನಡೆದಿದೆ. ಹದಿನೇಳು ಆಯ್ಕೆಯಾಗಿವೆ. ಮಿದುಳಿನೊಳಗೆ ಮನೆ ಕಟ್ಟಿದ ಹಂದಿಹುಳು, ತ್ರಿಶೂರಿನಲ್ಲಿ ಒಂದೇ ಒಂದು ಸಲ ಕಂಡ ಹುಲಿಪಟ್ಟೆ ಗೆಡ್ಡೆ, ಹುಟ್ಟಿನಿಂದ ಅರ್ಧ ಮಿದುಳಿಲ್ಲದೆಯೂ ಬ್ಯಾಂಕಿನಲ್ಲಿ ಬಡ್ತಿ ಪಡೆದ ಒಂದು ತಲೆ. ಒಂದೊಂದೂ ಮಕ್ಕಳಂತೆ ನೆನಪಿದೆ. ಬ್ಯಾಂಕಿನ ತಲೆಯನ್ನಂತೂ ಲಕ್ಷ ತಲೆಗಳ ನಡುವೆ ಇಟ್ಟರೂ ಗುರುತಿಸಿಯೇನು.

ಆ ತಲೆಯ ಮೇಲಿದ್ದ ಮುಖ ಕೇಳಬೇಡಿ. ನಾನು ರೋಗಿಗಳನ್ನು ನೋಡುವವನಲ್ಲ. ಸೆಂಟರಿಗೆ ಹಿಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದಲೇ ಹೊರಡುವುದು ನನ್ನ ವ್ರತ. ಮುಂದೆ ಕುರ್ಚಿಗಳಲ್ಲಿ ಕುಳಿತವರು ಎದುರಾದರೆ "ಡಾಕ್ಟರೇ, ಏನಿದೆ?" ಎಂದು ಕೇಳುತ್ತಾರೆ. ಏನಾದರೂ ಇದ್ದರೆ ಹೇಳುವುದು ಕಷ್ಟ, ಏನೂ ಇಲ್ಲದಿದ್ದರೆ ಅವರು ನಂಬುವುದಿಲ್ಲ.

ಹದಿನೆಂಟನೆಯದು ನನ್ನ ಕೊಹಿನೂರು. ಬೆಣ್ಣೆಗೆರೆ. ಎರಡು ಅರೆಮಿದುಳುಗಳ ನಡುವಿನ ಸೇತುವೆಯ ಮೇಲೆ, ಯಾರೋ ಕಿರುಬೆರಳಿನಿಂದ ಬೆಣ್ಣೆ ಸವರಿದ ಹಾಗೆ ಬಿಳಿಯ ಒಂದು ಬಿಲ್ಲು, ಕೊನೆಯಲ್ಲಿ ಹಾವಿನ ನಾಲಿಗೆಯಂತೆ ಎರಡಾಗಿ ಸೀಳಿದೆ. ಹುಟ್ಟಿನಿಂದ ಬರುವ ಕೊಬ್ಬಿನ ಗೆರೆ. ಯಾರಿಗೂ ಏನೂ ಮಾಡುವುದಿಲ್ಲ. ಆದರೆ ಏನು ಚೆಲುವು. ೨೦೧೫ರ ನವೆಂಬರಿನಲ್ಲಿ, ಪದರ ಪದರವಾಗಿ ತೆಗೆದ ಚಿತ್ರದ ಹಾಳೆಗಳಲ್ಲಿ ಬಿಲ್ಲು ಕಾಣುವುದನ್ನಷ್ಟೇ ತಲೆಕೂಟದಲ್ಲಿ ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಕೂಟದಲ್ಲಿ ನನ್ನ ಹಳೆಯ ಎದುರಾಳಿ ಡಾಕ್ಟರ್ ಕರ್ತಾ ಮಾತ್ರ, ಹೊಟ್ಟೆಕಿಚ್ಚಿಗೆ, "ಎಡೋ ಇಟ್ಟೂಪೇ, ಉಳಿದ ಹಾಳೆಗಳನ್ನೂ ಹಾಕು, ನೋಡೋಣ" ಎಂದಿದ್ದ. ನಾನು, "ಬೆಣ್ಣೆ ಕಣ್ಮುಂದೆ ಇರೋವಾಗ ನಿನಗೆ ಮಜ್ಜಿಗೆ ಯಾಕೆ ಕರ್ತಾ?" ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಕರ್ತಾ ಕುಳಿತುಕೊಂಡ.

ಹತ್ತು ವರ್ಷಕ್ಕೊಮ್ಮೆ ಬರುವ ಮಾತು ಅದು. ಡೈರಿಯಲ್ಲಿ ಇರಲಿ.

೨೧ ಜನವರಿ, ಶನಿವಾರ

ಬೆಣ್ಣೆಗೆರೆಯ ಉಳಿದ ಹಾಳೆಗಳನ್ನು ನೋಡಿದೆ.

ಇವತ್ತು ಬರೆಯುವಂಥದ್ದು ಏನೂ ಇಲ್ಲ.

೨೨ ಜನವರಿ, ಭಾನುವಾರ

ಇತ್ತು.

ಚರ್ಚಿಗೆ ಹೋಗಿದ್ದೆ. ಪಾದ್ರಿ ಕುರುಡನಿಗೆ ಕಣ್ಣು ಬಂದ ಪ್ರಸಂಗವನ್ನೇ ಓದಬೇಕೆ? ಇದರಲ್ಲಿ ರೋಸಿಲಿಯ ಕೈವಾಡವಿಲ್ಲ ಎಂದು ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ.

ವಿಷಯ ಇಷ್ಟು. ಬಲಗಿವಿಯ ಹಿಂದೆ, ತಲೆಬುರುಡೆಯ ಅಂಚಿಗೆ, ಕೊನೆಯ ಆರು ಹಾಳೆಗಳಲ್ಲಿ, ಕಪ್ಪು ಚುಕ್ಕೆಗಳ ಒಂದು ಗೊಂಚಲು. ಎರೆಹುಳು ಮರಿಗಳು ಒಂದರ ಮೇಲೊಂದು ಬಿದ್ದ ಹಾಗೆ. ರಕ್ತ ವೇಗವಾಗಿ ಹರಿಯುವಲ್ಲಿ ನಮ್ಮ ಚಿತ್ರ ಕಪ್ಪಾಗಿ ಕಾಣುತ್ತದೆ. ಅಲ್ಲಿ ಅಷ್ಟು ವೇಗವಾಗಿ ಹರಿಯಲು ರಕ್ತಕ್ಕೆ ಯಾವ ಕೆಲಸವೂ ಇಲ್ಲ. ಅಪಧಮನಿಯ ರಕ್ತ ಅಡ್ಡದಾರಿ ಹಿಡಿದು ನೇರವಾಗಿ ಅಭಿಧಮನಿಗೆ ನುಗ್ಗುತ್ತಿದೆ. ಅಂಥ ಅಡ್ಡದಾರಿ ಮೊದಲು ತಲೆನೋವು ತರುತ್ತದೆ, ಆಮೇಲೆ ಮೆಲ್ಲಗೆ ನೆನಪು ತಿನ್ನುತ್ತದೆ, ಕೊನೆಗೊಂದು ದಿನ ಒಡೆಯುತ್ತದೆ. ಸಮಯಕ್ಕೆ ಕಂಡರೆ ತೊಡೆಯ ನಾಳದಿಂದ ತಂತಿಯಂಥ ಕೊಳವೆ ಹಾಕಿ, ಅಂಟು ತುಂಬಿ ಮುಚ್ಚಬಹುದು.

ಕಂಡಿರಲಿಲ್ಲ. ನಾನು ಬೆಣ್ಣೆ ನೋಡುತ್ತಿದ್ದೆ.

ನಮ್ಮ ವೃತ್ತಿಯಲ್ಲಿ ಇದು ಹಳೆಯ ರೋಗ. ಒಂದು ಸೊಗಸಾದದ್ದು ಸಿಕ್ಕಿತೆಂದರೆ ಕಣ್ಣು ಹೊಟ್ಟೆ ತುಂಬಿ ಮಲಗಿಬಿಡುತ್ತದೆ. ಕಿರಿಯರಿಗೆ ಇದರ ಮೇಲೆ ವರ್ಷಕ್ಕೊಂದು ಪಾಠ ಮಾಡುತ್ತೇನೆ. ಪಾಠ ಚೆನ್ನಾಗಿರುತ್ತದೆ ಎಂದು ಹೇಳುತ್ತಾರೆ.

ಅಂದು ಕರ್ತಾ ಕೇಳಿದ್ದು ಇವೇ ಹಾಳೆಗಳನ್ನು. ಮಜ್ಜಿಗೆಯನ್ನು.

೨೪ ಜನವರಿ, ಮಂಗಳವಾರ

ಪರಿಹಾರ ಸುಲಭ ಎಂದುಕೊಂಡಿದ್ದೆ: ರೋಗಿಯನ್ನು ಕರೆಸುವುದು. ಯಾರನ್ನು? ಹೆಸರು, ನಂಬರು, ತಾರೀಖು ಮೂರನ್ನೂ ನಾನೇ ನೀಟಾಗಿ ಅಳಿಸಿದ್ದೇನೆ. ಕೂಟದ ನಿಯಮವನ್ನು ನನ್ನಷ್ಟು ಶ್ರದ್ಧೆಯಿಂದ ಪಾಲಿಸುವವರು ಇನ್ನೊಬ್ಬರಿಲ್ಲ. ಉಳಿದಿರುವುದು 'ಮಹಿಳೆ, ೫೨, ತಲೆನೋವು' ಎಂಬ ಮೂರು ಪದ. ಹಳೆಯ ಯಂತ್ರ ಮಾರಿದಾಗ ಅದರ ಕಂಪ್ಯೂಟರೂ ಹೋಯಿತು. ಕೌಂಟರಿನ ರಿಜಿಸ್ಟರು ಮಾತ್ರ ಇದೆ. ಅದರಲ್ಲಿ ಹೆಸರು, ವಯಸ್ಸು, ಫೋನು, ಮುಂದೆ 'ತಲೆ'. ಅಷ್ಟೇ. ವಯಸ್ಸನ್ನು ಒಬ್ಬೊಬ್ಬರು ಒಂದೊಂದು ಥರ ಬರೆಸುತ್ತಾರೆ.

ನಮ್ಮ ಟೆಕ್ನಿಷಿಯನ್ ಬಾಹುಲೇಯನ್ ಹತ್ತೊಂಬತ್ತು ವರ್ಷದಿಂದ ಪ್ರತಿ ರೋಗಿಯನ್ನೂ ಯಂತ್ರದೊಳಗೆ ಮಲಗಿಸುವವನು. ಅವನನ್ನು ಕರೆದು ಬೆಣ್ಣೆಗೆರೆ ತೋರಿಸಿದೆ. ಏನೋ ಸಂಶೋಧನೆಗೆ ಎಂದು ಸುಳ್ಳು ಹೇಳಿದೆ.

"ನೆನಪಿದೆಯಾ ಬಾಹುಲೇಯಾ, ಈ ತಲೆ?"

ಅವನು ಕತ್ತು ಓರೆ ಮಾಡಿ ನೋಡಿದ. "ತಲೆ ಒಳಗಿನದು ನಂಗೇನು ಗೊತ್ತು ಸಾರ್. ಮುಖ ಹೇಗಿತ್ತು ಹೇಳಿ, ಊರು ಸಮೇತ ಹೇಳ್ತೀನಿ."

ನಾನು ಚಿತ್ರವನ್ನೇ ಇನ್ನಷ್ಟು ದೊಡ್ಡದು ಮಾಡಿದೆ.

"ಕನ್ನಡಕ ಇತ್ತಾ? ದಪ್ಪನಾ, ಸಣ್ಣನಾ? ಜೊತೆಗೆ ಯಾರು ಬಂದಿದ್ರು?"

"ನೋಡಿಲ್ಲ ಕಣೋ."

"ಅದೂ ಸರಿ, ಸಾರ್ ಯಾವತ್ತು ಆ ಕಡೆ ಬಂದಿದ್ದೀರಿ?" ಎಂದ. ತಮಾಷೆಯಾಗಿಯೇ ಎಂದ.

೩೦ ಜನವರಿ, ಸೋಮವಾರ

೨೦೧೫ರ ಆಗಸ್ಟಿನಿಂದ ನವೆಂಬರಿನವರೆಗೆ, ನಲವತ್ತೈದರಿಂದ ಅರವತ್ತರೊಳಗಿನ ಹೆಂಗಸರ ತಲೆಗಳು: ಇನ್ನೂರ ಹನ್ನೆರಡು. ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಫೋನು ಮಾಡುತ್ತಿದ್ದೇನೆ. "ಸ್ಕ್ಯಾನಿಂಗ್ ಸೆಂಟರಿನಿಂದ, ಸುಮ್ಮನೆ ನಿಮ್ಮ ಆರೋಗ್ಯ ವಿಚಾರಿಸೋಣ ಅಂತ."

ತ್ರಿಶೂರಿನ ಹೆಂಗಸರು ಸುಮ್ಮನೆ ವಿಚಾರಿಸುವವರನ್ನು ನಂಬುವವರಲ್ಲ. ಒಬ್ಬಾಕೆ ನನ್ನನ್ನು ವಿಮಾ ಏಜೆಂಟ್ ಎಂದು ಬೈದರು. ಒಬ್ಬಾಕೆ ನಾನು ಯಾರ ಮಗ, ಯಾವ ಇಟ್ಟೂಪ್, ಒಲ್ಲೂರಿನ ಇಟ್ಟೂಪನೋ ಇರಿಂಞಾಲಕ್ಕುಡದವನೋ ಎಂದು ಇಪ್ಪತ್ತು ನಿಮಿಷ ತನಿಖೆ ಮಾಡಿ, ದೂರದ ಸಂಬಂಧ ಪತ್ತೆಹಚ್ಚಿ, ಒಂದು ಮದುವೆಗೆ ಕರೆದರು. ಅರವತ್ತೆಂಟು ನಂಬರು ಬದಲಾಗಿವೆ.

ಒಂದು ಮನೆಯಲ್ಲಿ ಮಗಳು ಫೋನೆತ್ತಿದಳು. ಅಮ್ಮ ಹೋಗಿ ಎಂಟು ತಿಂಗಳಾಯಿತು ಎಂದಳು. ಏನಾಗಿತ್ತು ಎಂದು ಕೇಳಿದೆ. ಕಿಡ್ನಿ. ಕಿಡ್ನಿ ಎಂದು ಕೇಳಿ ನಿಟ್ಟುಸಿರು ಬಿಟ್ಟೆ. ಆ ಹುಡುಗಿ ಅದನ್ನು ದುಃಖ ಎಂದುಕೊಂಡು, ಅಮ್ಮನ ಬಗ್ಗೆ ಹದಿನೈದು ನಿಮಿಷ ಮಾತಾಡಿದಳು. ಕೊನೆಗೆ "ಫೋನ್ ಮಾಡಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಂಕಲ್" ಎಂದಳು.

ಇವತ್ತಿನ ಸುಭಾಷಿತ: 'ತಡ ಮಾಡಬೇಡಿ, ತಡೆಯಬೇಡಿ.' ಈ ಕಂಪನಿಯವರ ಮೇಲೆ ದಾವೆ ಹೂಡಬೇಕು.

೨ ಫೆಬ್ರವರಿ, ಗುರುವಾರ

ನೂರ ಮೂವತ್ತು ಮುಗಿದವು. ಆ ಹೆಂಗಸು ಸಿಕ್ಕಿಲ್ಲ.

ಸೆಂಟರಿನ ಹಿಂಬಾಗಿಲಿನ ಬೀಗ ಯಾಕೋ ಸರಿಯಿಲ್ಲ. ನಾಲ್ಕು ದಿನದಿಂದ ಮುಂಬಾಗಿಲಿನಿಂದಲೇ ಓಡಾಡುತ್ತಿದ್ದೇನೆ. ಕುರ್ಚಿಗಳು ಬಹಳ ಗಟ್ಟಿ, ಯಾರಿಗಾದರೂ ಹೇಳಬೇಕು.

೪ ಫೆಬ್ರವರಿ, ಶನಿವಾರ

ರೋಸಿಲಿಗೆ ಗೊತ್ತಾಗಿದೆ. ಡೈರಿ ಓದಿಲ್ಲವಂತೆ; ನಾನು ಮೀನುಸಾರಿನ ಬಗ್ಗೆ ಎರಡು ವಾರದಿಂದ ಒಂದೂ ದೂರು ಹೇಳಿಲ್ಲವಂತೆ, ಅದರಿಂದ. ಎಲ್ಲ ಹೇಳಿದೆ.

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆಯೇ, "ಹನ್ನೆರಡು ಜನರ ಮುಂದೆ ಕೂತು ಮಾಡಿದ ತಪ್ಪನ್ನ, ಬಾಗಿಲು ಹಾಕ್ಕೊಂಡು ಒಬ್ಬರೇ ಹೇಗೆ ಸರಿ ಮಾಡ್ತೀರಿ?" ಎಂದಳು.

"ಇನ್ನು ಎಂಭತ್ತೇ ನಂಬರು ಇರೋದು."

"ಕೂಟದವರನ್ನ ಕೇಳಿ. ತಲೆ ಇನ್ನೂ ನೋಯ್ತಿದ್ರೆ ಆ ಹೆಂಗಸು ಇನ್ನೊಂದು ಕಡೆ ಚಿತ್ರ ತೆಗೆಸಿರೋದಿಲ್ವಾ? ತೆಗೆಸಿದ್ರೆ ನಿಮ್ಮವರಲ್ಲೇ ಒಬ್ಬರು ನೋಡಿರ್ತಾರೆ. ಬೇರೆ ಯಾರು ನೋಡ್ತಾರೆ?"

"ಶಾಲು ಹೊದಿಸೋ ದಿನಾನಾ?"

"ಚಳಿಗಾಲ ಮುಗೀತಲ್ಲ," ಎಂದಳು ರೋಸಿಲಿ.

೯ ಫೆಬ್ರವರಿ, ಗುರುವಾರ

ಬುದ್ಧಿ ಬಂದಿದೆ. ರತ್ನಗಳ ಪಟ್ಟಿಯಿಂದ ಬೆಣ್ಣೆಗೆರೆಯನ್ನು ತೆಗೆದು, ಒಂದು ಸಜ್ಜನ ಗೆಡ್ಡೆಯನ್ನು ಸೇರಿಸಿದ್ದೇನೆ. ಮುಂದಿನ ತಿಂಗಳು ಸಾವಧಾನವಾಗಿ, ಕರ್ತಾ ಒಬ್ಬನಿಗೆ, ಖಾಸಗಿಯಾಗಿ ಹೇಳಿದರಾಯಿತು. ಹದಿನೈದು ತಿಂಗಳು ಕಾದವರಿಗೆ ಇನ್ನೊಂದು ತಿಂಗಳು ಹೆಚ್ಚೇನಲ್ಲ.

ಮೇಲಿನ ವಾಕ್ಯವನ್ನು ಬರೆದವನು ನಾನೇ. ಹೊಡೆದುಹಾಕಿಲ್ಲ, ಇರಲಿ.

೧೧ ಫೆಬ್ರವರಿ, ಶನಿವಾರ

ಇನ್ನೂರ ಹನ್ನೆರಡೂ ಮುಗಿದವು.

ಸಜ್ಜನ ಗೆಡ್ಡೆಯನ್ನು ತೆಗೆದೆ.

೧೨ ಫೆಬ್ರವರಿ, ಭಾನುವಾರ

ಕ್ರಮವಾಗಿ ಬರೆಯುತ್ತೇನೆ.

ಶಾಲು ಕೆಂಪು, ಜರಿಯಂಚಿನದು. ಕರ್ತಾನೇ ಹೊದಿಸಿದ. "ಇಟ್ಟೂಪನ ಕಣ್ಣಿಂದ ಏನೂ ತಪ್ಪಿಸಿಕೊಂಡಿಲ್ಲ, ನನ್ನ ಪಾಲಿನ ಪಳಂಪೊರೀನೂ ಸೇರಿ" ಎಂದು ಭಾಷಣ ಮಾಡಿದ. ಎಲ್ಲರೂ ನಕ್ಕರು. ನನಗೆ ಬೆವರುತ್ತಿತ್ತು, ಶಾಲಿಗೆ ಎಂದುಕೊಂಡರು.

ಇಪ್ಪತ್ನಾಲ್ಕು ರತ್ನಗಳು ಸರಾಗವಾಗಿ ಹೋದವು. ಇಪ್ಪತ್ತೈದನೆಯದನ್ನು ಹಾಕಿದ ಕೂಡಲೇ ಹಳಬರೆಲ್ಲ ಒಟ್ಟಿಗೆ "ಬೆಣ್ಣೆಗೆರೆ" ಎಂದರು. ಒಬ್ಬರು ಮೇಜು ಬಡಿದರು.

"ಸರಿ. ಮತ್ತೇನಿದೆ?" ಎಂದೆ.

"ಮತ್ತೇನು? ಬ್ರೆಡ್ಡು ತರಿಸಬೇಕಾ?" ಎಂದ ಕರ್ತಾ.

ನಾನು ಉಳಿದ ಹಾಳೆಗಳನ್ನು ಒಂದೊಂದಾಗಿ ಹಾಕಿದೆ. ಅಂದು ಹಾಕದೆ ಬಿಟ್ಟವನ್ನು. ಮೊದಲ ಎರಡಕ್ಕೆ ನಗು ಇತ್ತು. ಮೂರನೆಯದಕ್ಕೆ ಕರ್ತಾ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ನಾಲ್ಕನೆಯದಕ್ಕೆ ಎದ್ದು ಗೋಡೆಯ ಹತ್ತಿರ ಬಂದ. ಕಪ್ಪು ಗೊಂಚಲಿನ ಮೇಲೆ ಬೆರಳಿಟ್ಟ. ಅವನ ಬೆರಳಿನ ನೆರಳು ಇಡೀ ಮಿದುಳಿನ ಮೇಲೆ ಬಿತ್ತು.

"ಇದು ಯಾವಾಗಿನದು?" ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಅವತ್ತಿನದೇ. ನೀನು ಕೇಳಿದ್ದು ಇದನ್ನೇ. ನಾನು ಮಜ್ಜಿಗೆ ಅಂದೆ."

ನಾನೇ ಮುಂದುವರಿಸಿದೆ. ಹೆಸರು ಅಳಿಸಿದ್ದೇನೆ, ಇನ್ನೂರ ಹನ್ನೆರಡು ಮನೆಗೆ ಫೋನು ಮಾಡಿದ್ದೇನೆ, ಆಕೆ ಸಿಕ್ಕಿಲ್ಲ, ಯಾರಾದರೂ ಈ ತಲೆಯನ್ನು ಆಮೇಲೆ ನೋಡಿದ್ದರೆ ದಯವಿಟ್ಟು ಹೇಳಿ ಎಂದೆ. ಇಪ್ಪತ್ತೈದು ವರ್ಷದಲ್ಲಿ ಈ ಕೂಟದ ಮುಂದೆ 'ದಯವಿಟ್ಟು' ಎಂದದ್ದು ಇದೇ ಮೊದಲಿರಬೇಕು.

ಹಿಂದಿನ ಸಾಲಿನಿಂದ ಸುಹರಾ ಎದ್ದು ನಿಂತಳು. ಕುನ್ನಂಕುಳಂನ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹುಡುಗಿ, ಕೂಟಕ್ಕೆ ಅತಿ ಕಿರಿಯಳು. ಅವಳು ಮೊದಲ ಸಲ ಬಂದದ್ದೇ ಆ ನವೆಂಬರಿನಲ್ಲಿ. ಅವಳ ಕೈಯಲ್ಲಿ ಪುಟ್ಟ ಪೆನ್ ಡ್ರೈವ್ ಇತ್ತು.

"ಸಾರ್, ನಾನು ಇವತ್ತು ಒಂದು ಕೇಸ್ ತಂದಿದ್ದೆ. ನಿಮಗೆ ಕಾಣಿಕೆ ಕೊಡೋಣ ಅಂತ." ಅವಳು ಅದನ್ನು ಮುಂದೆ ಚಾಚಿದಳು. "ಮೂರು ವಾರದ ಹಿಂದೆ ಬಂದಿದ್ರು. ಕೊನೇಲಿ ಹೀಗೇ ಎರಡು ಸೀಳು. ಹಾವಿನ ನಾಲಿಗೆ ಹಾಗೆ."

ಗೋಡೆಯ ಮೇಲೆ ಅವಳದನ್ನು ನನ್ನದರ ಪಕ್ಕದಲ್ಲಿ ಹಾಕಿದೆವು. ಅದೇ ಬಿಲ್ಲು, ಅದೇ ಸೀಳು. ಕಿವಿಯ ಹಿಂದಿನ ಗೊಂಚಲು ಈಗ ಎರಡು ಪಟ್ಟು ಬೆಳೆದಿತ್ತು.

"ರಿಪೋರ್ಟಿನಲ್ಲಿ ಏನು ಬರೆದೆ ಮಗಳೇ?"

"ಅರ್ಧ ಪುಟ ಬೆಣ್ಣೆಗೆರೆ ಬಗ್ಗೆ ಬರೆದೆ ಸಾರ್. ಆಮೇಲೆ, ಉಳಿದಂತೆ ವಯಸ್ಸಿಗೆ ತಕ್ಕ ಸವೆತ ಅಂತ." ಅವಳು ನನ್ನನ್ನೇ ನೋಡುತ್ತಿದ್ದಳು. "ಮರೆವು ಅಂತ ಕಳಿಸಿದ್ರು. ಕೊನೇ ಹಾಳೆಗಳನ್ನ ನೋಡ್ಲೇ ಇಲ್ಲ ಅನ್ಸುತ್ತೆ. ನೋಡಿದ ಕೂಡಲೇ ಗುರುತು ಸಿಕ್ಕಿಬಿಡ್ತು, ಖುಷಿ ಆಗೋಯ್ತು. ನಿಮ್ಮಿಂದಲೇ ಕಲಿತಿದ್ದಲ್ವಾ ಸಾರ್."

ಇಪ್ಪತ್ತೈದು ವರ್ಷದಿಂದ ನಾವು ಒಬ್ಬರಿಂದೊಬ್ಬರು ಕಲಿಯಲೆಂದು ಸೇರುತ್ತಿದ್ದೇವೆ. ಕಲಿತದ್ದಕ್ಕೆ ಸಾಕ್ಷಿ ಗೋಡೆಯ ಮೇಲಿತ್ತು.

ಸುಹರಾ ಅಲ್ಲಿಂದಲೇ ಆಸ್ಪತ್ರೆಗೆ ಫೋನು ಮಾಡಿದಳು. ಆಸ್ಪತ್ರೆಯವರು ರಿಜಿಸ್ಟರು ಹುಡುಕುವವರೆಗೆ ನಾವೆಲ್ಲ ಕಾದೆವು. ಅಷ್ಟರಲ್ಲಿ ಕರ್ತಾ ಎದ್ದು ಬಾಗಿಲ ಕಡೆ ನಡೆದ. ಎಲ್ಲಿಗೆ ಎಂದೆ. "ತಟ್ಟೆ ತರೋಕೆ. ಅವತ್ತು ನಾನು ಕೇಳಿ, ನೀನು ನಗಿಸಿದೆ ಅಂತ ಕೂತುಬಿಟ್ಟೆ. ನಂದೂ ತಪ್ಪು ಉತ್ತರಾನೇ" ಎಂದ. ಆಗ ಇನ್ನೊಬ್ಬರು ಎದ್ದರು. ಮತ್ತೊಬ್ಬರು. ಅಂದು ಚಪ್ಪಾಳೆ ತಟ್ಟಿದವರೆಲ್ಲ ಎದ್ದು ನಿಂತರು. ಎಲ್ಲರೂ ತಪ್ಪು ಹೇಳಿದರೆ ಯಾರು ಯಾರಿಗೆ ಚಹಾ ತರಬೇಕು ಎಂದು ನಮ್ಮ ನಿಯಮದಲ್ಲಿ ಇಲ್ಲ. ಮೆಟ್ಟಿಲ ಮೇಲೆ ಹತ್ತು ಜನ ಡಾಕ್ಟರು ಒಂದು ತಟ್ಟೆಗೆ ಕೈ ಹಾಕಿಕೊಂಡು ಬರುವುದನ್ನು ಕ್ಯಾಷಿಯರು ಬಾಯಿ ತೆರೆದು ನೋಡುತ್ತಿದ್ದನಂತೆ.

ಚಹಾ ಯಾರೂ ಕುಡಿಯಲಿಲ್ಲ.

ಹೆಸರು ಸಿಕ್ಕಿತು. ಸೌದಾಮಿನಿ.

೧೩ ಫೆಬ್ರವರಿ, ಸೋಮವಾರ

ಹೋಗಿ ಬಂದೆ. ಸುಹರಾಳೂ ಜೊತೆಗೆ ಬಂದಳು. ಮನೆ ಕುನ್ನಂಕುಳಂ ದಾರಿಯಲ್ಲಿ, ರಸ್ತೆಗೆ ಅಂಟಿಕೊಂಡ ಒಂದು ಕೋಣೆ. ಮುಂಭಾಗವೇ ಗಂಡ ದಿವಾಕರನ್ ಅವರ ಕೊಡೆ ರಿಪೇರಿ ಅಂಗಡಿ. ನನ್ನ ಸೆಂಟರಿಗೆ ಬಂದಾಗ ತ್ರಿಶೂರಿನಲ್ಲಿದ್ದರು, ಫೋನ್ ನಂಬರು ಬೇರೆ ಇತ್ತು. ಬದಲಾದ ನಂಬರುಗಳಲ್ಲಿ ಅದೂ ಒಂದು.

ಆಕೆ ಮೂವತ್ತು ವರ್ಷ ಬಸ್ ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಕೂತವರಂತೆ. ಎಲ್ಲ ಬಸ್ಸಿನ ವೇಳೆ ಬಾಯಲ್ಲೇ ಇತ್ತಂತೆ. ಪಟ್ಟಿ ನೋಡಿದ್ದನ್ನು ಯಾರೂ ಕಂಡಿಲ್ಲವಂತೆ. ಹೋದ ವರ್ಷದ ಆರಂಭದಿಂದ ತಪ್ಪತೊಡಗಿತು. ಪಾಲಕ್ಕಾಡಿನವರನ್ನು ಎರ್ನಾಕುಳಂ ಬಸ್ಸಿಗೆ ಹತ್ತಿಸಿದರು. ಒಂದು ಕುಟುಂಬಕ್ಕೆ ಮದುವೆ ತಪ್ಪಿತು. ಜೂನ್‌ನಲ್ಲಿ ಕೆಲಸ ಬಿಡಿಸಿದರು.

"ಕಿವೀಲಿ ಶಬ್ದ ಅಂತ ಮೊದಲಿಂದ್ಲೂ ಹೇಳ್ತಿದ್ಲು ಸಾರ್," ಎಂದರು ದಿವಾಕರನ್. "ಬಲಗಿವಿ. ಬಸ್ಸು ಸ್ಟಾರ್ಟ್ ಮಾಡಿ ನಿಲ್ಲಿಸಿದ ಹಾಗೆ ಅಂತ. ನಿಮ್ಮ ಸೆಂಟರಿಗೆ ಕೊಟ್ಟ ಚೀಟೀಲೂ ಡಾಕ್ಟರು ಬರೆದಿದ್ರು. ಜೀವನ ಪೂರ್ತಿ ಸ್ಟ್ಯಾಂಡಲ್ಲಿ ಕೂತವಳು, ಅದು ತಲೇಲಿ ಉಳ್ಕೊಂಡಿದೆ ಅಂತ ನಾವು ತಮಾಷೆ ಮಾಡಿದ್ವಿ."

ಕಿವಿಯ ಶಬ್ದ. ಅದನ್ನು ಓದಿದ ಯಾವ ವಿದ್ಯಾರ್ಥಿಯಾದರೂ ಕಿವಿಯ ಹಿಂದೆ ನೋಡುತ್ತಾನೆ. ನನ್ನ ರತ್ನಕ್ಕೆ ಚೀಟಿ ಅಂಟಿಸುವಾಗ 'ತಲೆನೋವು' ಒಂದನ್ನೇ ಉಳಿಸಿದ್ದೆ. ಉದ್ದವಾದರೆ ಗೋಡೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲ.

ಸೌದಾಮಿನಿಯವರು ಒಳಗಿನ ಮಂಚದ ಮೇಲೆ ಕೂತಿದ್ದರು. ದುಂಡು ಮುಖ, ಎಡ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತು, ದಪ್ಪ ಚೌಕಟ್ಟಿನ ಕನ್ನಡಕ. ನನ್ನನ್ನು ನೋಡಿ ನಕ್ಕರು. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿ, ಹೊಸದಾಗಿ ನೋಡಿದವರಂತೆ, ಮತ್ತೆ ನಕ್ಕರು.

ದಿವಾಕರನ್ ಅವರಿಗೆ ಎಲ್ಲ ಹೇಳಿದೆ. ನನ್ನ ಮಾತು ಮುಗಿಯುವವರೆಗೆ ಅವರು ಒಂದು ಕೊಡೆಯ ಕಡ್ಡಿಯನ್ನು ಹಿಡಿದುಕೊಂಡೇ ಇದ್ದರು.

"ಅವತ್ತೇ ಕಂಡಿದ್ರೆ?"

"ಅವತ್ತೇ ಮುಚ್ಚಬಹುದಿತ್ತು."

ಅವರು ಕಡ್ಡಿಯನ್ನು ಕೊಡೆಗೆ ಸಿಕ್ಕಿಸಿ, ತಂತಿ ಸುತ್ತಿ, ಒಮ್ಮೆ ಬಿಡಿಸಿ ನೋಡಿ ಮಡಚಿದರು. "ಅವತ್ತು ಅವಳಿಗೆ ಕೆಲಸ ಇತ್ತು," ಎಂದರು. ಬೈದಿದ್ದರೆ ಚೆನ್ನಾಗಿತ್ತು.

೧೭ ಫೆಬ್ರವರಿ, ಶುಕ್ರವಾರ

ಅಂಟು ತುಂಬುವ ಕೆಲಸದಲ್ಲಿ ನಮ್ಮ ಸುತ್ತಿನಲ್ಲಿ ಕರ್ತಾನಿಗಿಂತ ಉತ್ತಮರಿಲ್ಲ. ಇದನ್ನು ನಾನು ಬರವಣಿಗೆಯಲ್ಲಿ ಒಪ್ಪಿಕೊಂಡದ್ದು ಅವನ ಕಿವಿಗೆ ಬೀಳಬಾರದು.

ಮೂರೂವರೆ ಗಂಟೆ ಹಿಡಿಯಿತು. ಅಪಾಯ ಎಷ್ಟು ಎಂದು ದಿವಾಕರನ್ ಕೇಳಿದಾಗ ಕರ್ತಾ ಸುಳ್ಳು ಹೇಳಲಿಲ್ಲ. ನಾನು ಹೊರಗೆ, ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಆ ಆಸ್ಪತ್ರೆಯ ಕುರ್ಚಿಗಳೂ ಗಟ್ಟಿ. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಒಟ್ಟಿಗೆ ಎದ್ದೆವು. ಒಮ್ಮೆ ಕಸ ಗುಡಿಸುವಾಕೆ, ಒಮ್ಮೆ ಯಾರೋ ನರ್ಸು.

ಕರ್ತಾ ಹೊರಗೆ ಬಂದಾಗ ನನ್ನ ಬಾಯಿಂದ ಹೊರಟ ಮಾತು: "ಡಾಕ್ಟರೇ, ಏನಾಯ್ತು?"

ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿದ. "ಮುಚ್ಚಿದೆ. ಪೂರ್ತಿ," ಎಂದ. ಆಮೇಲೆ ದಿವಾಕರನ್ ಕಡೆಗೆ ತಿರುಗಿ, "ಎಷ್ಟು ನೆನಪು ವಾಪಸ್ ಬರುತ್ತೆ ಅಂತ ಈಗ್ಲೇ ಹೇಳೋಕಾಗಲ್ಲ. ಹೋದದ್ದೆಲ್ಲಾ ಬರಲ್ಲ. ತಿಂಗಳುಗಳು ಬೇಕು" ಎಂದ.

೧ ಮಾರ್ಚ್, ಬುಧವಾರ

ಈಸ್ಟರಿನ ನೋಂಬು ಶುರುವಾಗಿದೆ. ಮೀನಿಲ್ಲ, ಆದ್ದರಿಂದ ದೂರೂ ಇಲ್ಲ.

ಸೌದಾಮಿನಿಯವರ ಕಿವಿಯ ಶಬ್ದ ನಿಂತಿದೆಯಂತೆ. ಮೊದಲೆರಡು ದಿನ ಆ ಮೌನಕ್ಕೆ ಹೆದರಿ ಗಂಡನನ್ನು ಎಬ್ಬಿಸಿದರಂತೆ, ಬಸ್ಸುಗಳೆಲ್ಲ ಎಲ್ಲಿ ಹೋದವು ಎಂದು.

ಬಾಹುಲೇಯನ್ ಇವತ್ತು ಕೇಳಿದ: "ಹಿಂದಿನ ಬೀಗ ರಿಪೇರಿ ಮಾಡಿಸಬೇಕು ಅಂದ್ರಲ್ಲ ಸಾರ್, ನೋಡಿದೆ, ಚೆನ್ನಾಗೇ ಇದೆ. ಏನಾಗಿತ್ತು?" ಅವನಿಗೆ ಬೀಗದ ಬಗ್ಗೆ ತಿಳಿವಳಿಕೆ ಕಡಿಮೆ.

೧೨ ಮಾರ್ಚ್, ಭಾನುವಾರ

ತಲೆಕೂಟ. ಮೂರನೆಯ ನಿಯಮ ಬಂದಿದೆ: ಮೊದಲ ಕೇಸು ಯಾರಾದರೊಬ್ಬರು ತಾವೇ ಕಾಣದೆ ಬಿಟ್ಟದ್ದಾಗಿರಬೇಕು. ಇಂದು ಕರ್ತಾ ತಂದಿದ್ದ. ಯಾರೂ ನಗಲಿಲ್ಲ. ನಾನು ಒಂದು ಹಾಸ್ಯ ಸಿದ್ಧಮಾಡಿದ್ದೆ, ಬಾಯಿಗೆ ಬಂದಿತ್ತು ಕೂಡ. ಪಳಂಪೊರಿ ತುಂಬಿಕೊಂಡೆ.

ನಾಲ್ಕನೆಯದನ್ನು ಸುಹರಾ ಸೂಚಿಸಿದಳು: ಗೋಡೆಯ ಮೇಲೆ ಹೆಸರು ಬೇಡ, ಸರಿ. ಆದರೆ ತಂದವರ ಜೇಬಿನಲ್ಲಿ, ಒಂದು ಚೀಟಿಯಲ್ಲಿ, ಇರಲೇಬೇಕು.

೨೦ ಏಪ್ರಿಲ್, ಗುರುವಾರ

ಸೌದಾಮಿನಿಯವರನ್ನು ನೋಡಲು ಹೋಗಿದ್ದೆ. ಈಗ ಕೊಡೆ ಅಂಗಡಿಯ ಮುಂಗಟ್ಟಿನಲ್ಲಿ ಕೂರುತ್ತಾರೆ. ಗಿರಾಕಿಗಳ ಹೆಸರು ಕೆಲವು ತಪ್ಪುತ್ತದೆ, ಕೆಲವು ಸರಿ. ನನ್ನ ಹೆಸರು ಇನ್ನೂ ಬರುವುದಿಲ್ಲ. 'ಕುರ್ಚಿ ಡಾಕ್ಟರು' ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಕುರ್ಚಿಯಲ್ಲಿ ಕೂತದ್ದನ್ನು ಗಂಡ ಹೇಳಿದ್ದಿರಬೇಕು.

ಚಹಾ ಮುಗಿಸಿ ಎದ್ದಾಗ, ಇದ್ದಕ್ಕಿದ್ದಂತೆ, ದನಿ ಬದಲಾಯಿಸಿ, "ಸಾರ್‌ಗೆ ಎಲ್ಲಿಗೆ ಹೋಗ್ಬೇಕು?" ಎಂದರು. ದಿವಾಕರನ್ ಕೆಲಸ ನಿಲ್ಲಿಸಿ ತಲೆ ಎತ್ತಿದರು.

ಬಾಯಿಗೆ ಬಂದ ಊರು ಹೇಳಿದೆ. "ಪಟ್ಟಾಂಬಿ."

"ತ್ರಿಶೂರಿಂದ ನಾಲ್ಕೂ ಇಪ್ಪತ್ತಕ್ಕಿದೆ. ಐದನೇ ನಂಬರಿನ ಕಟ್ಟೆ. ಶೋರನೂರ್ ಮೇಲೆ ಹೋಗುತ್ತೆ. ಮುಂದುಗಡೆ ಹತ್ತಬೇಡಿ, ಹಿಂದೆ ಸೀಟ್ ಸಿಗುತ್ತೆ. ಚಿಲ್ಲರೆ ಇಟ್ಕೊಳ್ಳಿ. ಹೂಂ, ಮುಂದಿನವರು ಬನ್ನಿ."

ನನ್ನ ಹಿಂದೆ ಯಾರೂ ಇರಲಿಲ್ಲ. ದಿವಾಕರನ್ ಮುಖ ಆ ಕಡೆ ತಿರುಗಿಸಿಕೊಂಡರು.

ಮನೆಗೆ ಹೋಗುವವನು ನೇರ ಬಸ್ ನಿಲ್ದಾಣಕ್ಕೆ ಹೋದೆ. ಐದನೇ ಕಟ್ಟೆಯ ಮುಂದೆ ನಿಂತೆ. ನಾಲ್ಕೂ ಹದಿನೈದು, ನಾಲ್ಕೂ ಇಪ್ಪತ್ತು, ನಾಲ್ಕೂ ಮೂವತ್ತೈದು. ಪಟ್ಟಾಂಬಿಯ ಬಸ್ಸು ಬರಲಿಲ್ಲ. ವಿಚಾರಣೆಯ ಕಿಟಕಿಗೆ ಹೋದೆ.

"ಪಟ್ಟಾಂಬಿ ನಾಲ್ಕೂ ಇಪ್ಪತ್ತಾ? ಅದನ್ನ ತೆಗೆದು ವರ್ಷ ಆಯ್ತಲ್ಲ ಸಾರ್," ಎಂದ ಅಲ್ಲಿದ್ದವನು. "ಯಾರು ಹೇಳಿದ್ದು ನಿಮಗೆ?"

"ಮೊದಲು ನಿಮ್ಮ ಈ ಕಿಟಕಿಯಲ್ಲಿ ಕೂರ್ತಿದ್ದವರು."

ಅವನು ಪೆನ್ನು ಕೆಳಗಿಟ್ಟ. "ಸೌದಾಮಿನಿ ಚೇಚಿ? ಹೇಗಿದ್ದಾರೆ? ಹಾಗಾದ್ರೆ ಆಗ ಇತ್ತು ಸಾರ್, ಖಂಡಿತ ಇತ್ತು. ಚೇಚಿ ಹೇಳಿದ್ರೆ ಇತ್ತು ಅಂತಾನೇ."

ಯಾವಾಗ ತೆಗೆದದ್ದು ಎಂದು ಕೇಳಿದೆ. ರಿಜಿಸ್ಟರು ನೋಡಿ ಹೇಳಿದ: ೨೦೧೬, ಏಪ್ರಿಲ್ ಹದಿನೆಂಟು, ಸೋಮವಾರ. ಆಕೆ ಆಗಲೂ ಇದೇ ಕಿಟಕಿಯಲ್ಲಿ ಕೂತಿದ್ದರು. ನಾನು ಚಪ್ಪಾಳೆ ಗಿಟ್ಟಿಸಿ ಐದು ತಿಂಗಳಾಗಿತ್ತು.

೨೦೧೫ರ ನವೆಂಬರಿನಿಂದ ಈಚೆಗೆ ಬದಲಾದ ಬಸ್ಸುಗಳನ್ನೆಲ್ಲ ಅವನಿಂದ ಹೇಳಿಸಿಕೊಂಡು ಈ ಡೈರಿಯ ಕೊನೆಯ ಪುಟಗಳಲ್ಲಿ ಬರೆದುಕೊಂಡಿದ್ದೇನೆ. ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಹಿಂದಿನ ಸಾಲಿನವರು ನನ್ನ ಮನೆತನವನ್ನು ವಿಚಾರಿಸತೊಡಗಿದ್ದರು. ನಿಂತುಹೋದವು ಒಂಬತ್ತು, ಹೊಸವು ಹದಿನಾಲ್ಕು, ವೇಳೆ ಬದಲಾದವು ಇಪ್ಪತ್ತೊಂದು.

ಒಟ್ಟು ನಲವತ್ತನಾಲ್ಕು. ನಾಳೆಯಿಂದ ದಿನಕ್ಕೆ ಎರಡರಂತೆ ಹೇಳಿಕೊಡಬೇಕು. ಮೊದಲು ಪಟ್ಟಾಂಬಿ. ಅದು ಯಾವಾಗ ನಿಂತಿತು, ಆಗ ತನಗೆ ಯಾಕೆ ಗೊತ್ತಾಗಲಿಲ್ಲ ಎಂದು ಕೇಳಿಯೇ ಕೇಳುತ್ತಾರೆ. ತಾರೀಖು ಬರೆದುಕೊಂಡಿದ್ದೇನೆ. ಎರಡನೆಯ ಪ್ರಶ್ನೆಗೂ ಉತ್ತರ ಹೇಳುತ್ತೇನೆ, ಮರೆತರೆ ಮರುದಿನ ಮತ್ತೆ.

ಅವರ ಮನೆಗೆ ಹಿಂಬಾಗಿಲಿಲ್ಲ.